ಅಕ್ಕನನ್ನು ಕೇಳದೆ ಹಾಕಿದ ಫರ್ಮ್‌ವೇರ್

ಹೋದ ತಿಂಗಳು ಅಂಗಡಿಯ ಅಟ್ಟದಿಂದ ಆ ನೀಲಿ ವಾಯರನ್ನು ಕೆಳಗಿಳಿಸಿದೆ. ಗೋಣಿಚೀಲದಲ್ಲಿ ಸುತ್ತಿ ಇಟ್ಟಿದ್ದೆ. ಬಿಚ್ಚಿದ ಕೂಡಲೇ ವಾರ್ನಿಷ್ ವಾಸನೆ ಬಂತು. ನಮ್ಮದು ಸಿದ್ದಾಪುರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಅಲ್ಲಿ ಏನಿಟ್ಟರೂ ಕೆಲವು ದಿನಕ್ಕೆ ಅದೇ ವಾಸನೆ ಹಿಡಿಯುತ್ತದೆ. ವಾಯರಿನ ಮೈಮೇಲೆ ಅಲ್ಲಲ್ಲಿ ಕೆಂಪು ಟೇಪು ಇತ್ತು. ಒಂದೊಂದು ಟೇಪೂ ಒಂದೊಂದು ಸಲ ಹರಿದದ್ದರ ಗುರುತು. ಸುತ್ತಿದವಳು ಅಕ್ಕ. ಅವಳು ಟೇಪು ಸುತ್ತಿದರೆ ಕೊನೆಗೆ ತುದಿಯನ್ನು ಚೂರು ಮಡಚಿ ಬಿಡುತ್ತಿದ್ದಳು. ಮುಂದೆ ಬಿಚ್ಚುವವರ ಉಗುರಿಗೆ ಸಿಗಲಿ ಎಂದು...

ವಾಯರು ಬೇಕಾದದ್ದು ಮಗಳಿಗೆ. ಬೇಕಾಗುತ್ತದೆ ಎಂದು ನಾನು ಅಂದುಕೊಂಡಿದ್ದೆ. ಅವಳು ಗಂಗಾವತಿಯಿಂದ ಹಳೆಯ ಲ್ಯಾಪ್‌ಟಾಪ್ ಒಂದನ್ನು ತಂದು, ಅದಕ್ಕೆ ಅಕ್ಕ ಹಾಕುತ್ತಿದ್ದ ಮುಕ್ತ ವ್ಯವಸ್ಥೆಯನ್ನೇ ಹಾಕುತ್ತಿದ್ದಳು. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು ಎಂಬ ವ್ಯವಸ್ಥೆ ಅದು. ನಾನು ವಾಯರಿನ ಧೂಳು ಒರೆಸಿ ಅವಳ ಮುಂದೆ ಇಟ್ಟೆ.

"ಇದ್ಯಾಕಪ್ಪಾ? ವೈಫೈ ತಾನ ಹಿಡೀತು."

"ನಡುವ ನಿಂತು ಏನೂ ಕೇಳಲಿಲ್ಲೇನು?"

"ಏನ್ ಕೇಳಬೇಕಿತ್ತು?"

ನಾನು ವಾಯರನ್ನು ಹಿಡಿದುಕೊಂಡು ಅಂಗಡಿಯ ಹೊರಗೆ ಬಂದು ನಿಂತೆ. ಹಿಂದೆ ಆ ವ್ಯವಸ್ಥೆ ಕೇಳುತ್ತಿತ್ತು. ಹಾಕುವಾಗ ಅರ್ಧಕ್ಕೆ ನಿಂತು, ಈ ಯಂತ್ರದ ವೈಫೈಗೆ ಮುಚ್ಚಿದ ಕಡತವೊಂದು ಬೇಕು, ಅದು ನನ್ನಲ್ಲಿಲ್ಲ, ನಿನ್ನಲ್ಲಿದ್ದರೆ ಕೊಡುತ್ತೀಯಾ ಎಂದು ಕೇಳುತ್ತಿತ್ತು. ಅಕ್ಕ ಪ್ರತಿ ಸಲವೂ 'ಇಲ್ಲ' ಎಂದು ಒತ್ತುತ್ತಿದ್ದಳು. ಒತ್ತುವಾಗ ಅವಳ ಮುಖದಲ್ಲಿ ಒಂದು ಬಿಗುವು ಬರುತ್ತಿತ್ತು, ಜಗಳಕ್ಕೆ ನಿಂತವರ ಹಾಗೆ.

ನಾನು ಓದಿದ್ದು ಏಳನೆಯವರೆಗೆ. ಅಪ್ಪನ ಜೊತೆ ತಾಮ್ರ ಸುತ್ತಲು ಕೂತವನು ಮತ್ತೆ ಸಾಲೆಗೆ ಹೋಗಲಿಲ್ಲ. ಆದ್ದರಿಂದ ಕಂಪ್ಯೂಟರಿನ ವಿಷಯವಾಗಿ ಇಲ್ಲಿ ಬರೆಯುತ್ತಿರುವುದೆಲ್ಲ ಅಕ್ಕ ಹೇಳಿ ನನಗೆ ತಿಳಿದಷ್ಟು. ಅವಳು ಗಂಗಾವತಿಯಲ್ಲಿ ಡಿಗ್ರಿ ಓದಿ, ಅಲ್ಲೇ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸಿ, ಒಂದು ದಿನ ಕೆಲಸ ಬಿಟ್ಟು ಬಂದಳು. ಗುಜರಿಗೆ ಹೋಗಲಿದ್ದ ಕೆಲವು ಲ್ಯಾಪ್‌ಟಾಪ್‌ಗಳನ್ನು ಒಟ್ಟು ಮಾಡಿ, ಅಂಗಡಿಯ ಎದುರಿಗಿದ್ದ ಹಳೆಯ ಭತ್ತದ ಗೋದಾಮಿನಲ್ಲಿ ಹುಡುಗಿಯರಿಗೆ ಕಲಿಸಲು ಶುರು ಮಾಡಿದಳು. ಇಂಟರ್ನೆಟ್ ಇದ್ದದ್ದು ಅಂಗಡಿಯಲ್ಲಿ. ಅಲ್ಲಿಂದ ರಸ್ತೆ ದಾಟಿಸಿ ಗೋದಾಮಿಗೆ ನೀಲಿ ವಾಯರು ಎಳೆದೆವು.

ಆ ರಸ್ತೆಯನ್ನು ನೋಡಿದವರಿಗೆ ಮುಂದಿನದು ಹೇಳಬೇಕಿಲ್ಲ. ಭತ್ತದ ಲಾರಿಗಳು, ಹುಲ್ಲು ತುಂಬಿದ ಟ್ರ್ಯಾಕ್ಟರುಗಳು, ಸುಗ್ಗಿಯಲ್ಲಿ ಕೊಯ್ಲಿನ ಮಷೀನು ಹೊತ್ತ ದೊಡ್ಡ ಗಾಡಿಗಳು. ವಾಯರು ಹರಿಯುತ್ತಿತ್ತು, ಅಕ್ಕ ಏಣಿ ಹತ್ತಿ ಟೇಪು ಸುತ್ತುತ್ತಿದ್ದಳು, ಮತ್ತೆ ಹರಿಯುತ್ತಿತ್ತು. ಗೋದಾಮಿನೊಳಗಿನ ತುದಿಯನ್ನು ಇಲಿ ನೋಡಿಕೊಳ್ಳುತ್ತಿತ್ತು. ಕೆಳಗೆ ನಿಂತು ಏಣಿ ಹಿಡಿಯುವುದು ನನ್ನ ಕೆಲಸ. ವೈಫೈ ಆಗಿದ್ದರೆ ಇದೇನೂ ಬೇಕಿರಲಿಲ್ಲ. ಅಂಗಡಿಯ ಇಂಟರ್ನೆಟ್ ಡಬ್ಬಿಯಿಂದ ಗೋದಾಮಿನವರೆಗೆ ಗಾಳಿಯಲ್ಲೇ ಹೋಗುತ್ತಿತ್ತು. ನನ್ನ ಮೊಬೈಲು ಅಲ್ಲಿ ಸಲೀಸಾಗಿ ನಡೆಯುತ್ತಿತ್ತು. ಲ್ಯಾಪ್‌ಟಾಪ್‌ಗಳೊಳಗೂ ವೈಫೈ ಚಿಪ್ಪು ಇತ್ತು. ಆದರೆ ಆ ಚಿಪ್ಪು ಏಳಬೇಕಾದರೆ ಅದರೊಳಗೆ ಫರ್ಮ್‌ವೇರ್ ಎಂಬ ಸಣ್ಣ ಕಡತವನ್ನು ತುಂಬಬೇಕು. ಅದನ್ನು ಚಿಪ್ಪು ಮಾಡಿದ ಕಂಪನಿ ಪುಕ್ಕಟೆ ಕೊಡುತ್ತದೆ, ಒಳಗೆ ಏನು ಬರೆದಿದೆ ಎಂದು ಮಾತ್ರ ತೋರಿಸುವುದಿಲ್ಲ. ಅಕ್ಕ ಅದಕ್ಕೆ 'ಗಂಟು' ಎನ್ನುತ್ತಿದ್ದಳು. ಹುಡುಗಿಯರು ಸೇರಿದ ಮೊದಲ ದಿನವೇ ಅವಳು ಹೇಳುತ್ತಿದ್ದ ಮಾತು ಒಂದಿತ್ತು. "ಈ ಮಷೀನಿನಾಗ ನಾವು ಹಾಕಿದ್ದೆಲ್ಲಾ ಬಿಚ್ಚಿ ನೋಡಬಹುದು. ನನಗ ಗೊತ್ತಿಲ್ಲದ್ದು ಇರಬಹುದು. ನೋಡಾಕ ಬರದಿದ್ದು ಮಾತ್ರ ಇಲ್ಲ."

ಈ ಮಾತು ಅವಳಿಗೆ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಅದು ನಮ್ಮ ಅಂಗಡಿಯದೇ. ವೈಂಡಿಂಗ್‌ನಲ್ಲಿ ಮೋಸ ಮಾಡುವುದು ಬಹಳ ಸುಲಭ. ತಾಮ್ರ ಎಂದು ಹೇಳಿ ಅಲ್ಯುಮಿನಿಯಂ ತಂತಿ ಸುತ್ತಿ, ವಾರ್ನಿಷ್ ಬಳಿದು, ಮುಚ್ಚಳ ಬಿಗಿದರೆ ರೈತನಿಗೆ ಗೊತ್ತಾಗುವುದಿಲ್ಲ. ಮುಂದೊಂದು ದಿನ ನಾಟಿಯ ಹೊತ್ತಿಗೆ ಸುಟ್ಟಾಗಲೇ ಗೊತ್ತಾಗುವುದು. ಅದಕ್ಕೇ ಅಪ್ಪ ಒಂದು ಪದ್ಧತಿ ಇಟ್ಟಿದ್ದ. ಮುಚ್ಚಳ ಬಿಗಿಯುವ ಮುಂಚೆ ಮೋಟಾರಿನವನನ್ನು ಕರೆದು ಕೈಗೆ ಬ್ಲೇಡು ಕೊಡುತ್ತಿದ್ದ. ಅವನು ತಂತಿಯ ತುದಿ ಕೆರೆಯಬೇಕು, ಕೆಂಪು ಕಾಣಬೇಕು, "ಮುಚ್ರಿ" ಎನ್ನಬೇಕು. ಆಮೇಲೆಯೇ ಬೋಲ್ಟು. ಅಕ್ಕ ಸಣ್ಣವಳಿದ್ದಾಗ ಸಾಲೆಯಿಂದ ಬಂದವಳು ಮುಚ್ಚುವುದಕ್ಕಿದ್ದ ಪ್ರತಿ ಮೋಟಾರಿನೊಳಗೂ ಬಗ್ಗಿ ನೋಡುತ್ತಿದ್ದಳು. ಅವಳು ನೋಡಿಯಾಗುವವರೆಗೆ ಅಪ್ಪ ಬೋಲ್ಟು ಬಿಗಿಯುವ ಪಾನಾ ಹಿಡಿದುಕೊಂಡು ಕಾಯುತ್ತಿದ್ದ.

ಗಂಟಿನ ವಿಷಯಕ್ಕೆ ನಮ್ಮಿಬ್ಬರ ಜಗಳ ಬಿಗಡಾಯಿಸಿದ್ದು, ಗೋದಾಮಿಗೆ ಕಲಿಯಲು ಬರುತ್ತಿದ್ದ ಗೌಂಡಿಯ ಮಗಳಿಂದ. ಹುಷಾರು ಹುಡುಗಿ. ಹಾಸ್ಟೆಲ್ಲಿಗೆ ಅರ್ಜಿ ಹಾಕುವ ಕಡೆಯ ದಿನ, ಸಂಜೆ, ಎಲ್ಲ ತುಂಬಿ ಇನ್ನೇನು ಕಳಿಸಬೇಕು ಎನ್ನುವಾಗ ಹುಲ್ಲಿನ ಟ್ರ್ಯಾಕ್ಟರೊಂದು ವಾಯರನ್ನು ಎಳೆದುಕೊಂಡು ಹೋಯಿತು. ನನ್ನ ಮೊಬೈಲಿನಿಂದ ಮತ್ತೆ ಮೊದಲಿನಿಂದ ತುಂಬಲು ನೋಡಿದರು. ಸೈಟು ಅಷ್ಟರಲ್ಲಿ ಮುಚ್ಚಿತು. ಆ ವರ್ಷ ಆ ಹುಡುಗಿ ಭತ್ತದ ನಾಟಿಗೆ ಹೋದಳು. ಕೆಸರುಗಾಲಿನಲ್ಲಿ ನಮ್ಮ ಅಂಗಡಿಯ ಮುಂದೆಯೇ ಹಾದು ಹೋಗುತ್ತಿದ್ದಳು, ಒಳಗೆ ನೋಡುತ್ತಿರಲಿಲ್ಲ.

ನಾನು ಅಕ್ಕನಿಗೆ ಅಂದೆ, "ಆ ಗಂಟು ಹಾಕಿಬಿಡು. ಸಾಕಿನ್ನ."

"ಹಾಕಿ ಹುಡುಗೇರಿಗೆ ಏನ್ ಹೇಳಲಿ?"

"ಏನೂ ಹೇಳಬ್ಯಾಡ. ಆ ಚಿಪ್ಪಿನಾಗ ಕಂಪನಿಯವ್ರು ಹುಟ್ಟಿಸುವಾಗನ ತುಂಬಿ ಕಳಿಸಿದ್ದು ಇರೂದಿಲ್ಲೇನು? ಕೀಬೋರ್ಡಿನಾಗ ಇರೂದಿಲ್ಲೇನು? ಅದನ್ನೆಲ್ಲಾ ನೀ ಬಿಚ್ಚಿ ನೋಡೀಯೇನು?"

"ಅದು ಅದರ ಹೊಟ್ಟ್ಯಾಗ ಮೊದಲ ಇತ್ತು. ಇದನ್ನ ನಾನು ಕೈಯಾರೆ ಹಾಕಬೇಕಲ್ಲ ತಮ್ಮಾ."

"ಕೈ ಯಾರದರ ಇರಲಿ, ಒಳಗಿನ ಕತ್ತಲಿ ಒಂದ ಅಲ್ಲೇನು? ನಾನೂ ಬೇರಿಂಗ್ ಹಾಕ್ತೀನಿ, ಸೀಲ್ ಒಡದು ಒಳಗ ನೋಡಿ ಹಾಕ್ತೀನೇನು?"

ಅವಳು ಕೈಯಲ್ಲಿದ್ದ ಟೇಪಿನ ಸುರುಳಿಯನ್ನು ಕೆಳಗಿಟ್ಟಳು. ಆಮೇಲೆ, "ನಿನ್ನ ಮಾತಿನಾಗ ಅರ್ಧ ಖರೆ ಐತಿ. ಅದಕ್ಕ ನನಗ ಸಿಟ್ಟು ಬರೂದು," ಎಂದಳು.

"ಹಂಗಾರ ಹಾಕು."

"ಬೇರಿಂಗ್ ಕೆಟ್ಟರ ನೀರು ನಿಲ್ತೈತಿ. ಇದರೊಳಗ ಏನರ ಕೆಟ್ಟದ್ದಿದ್ರ ಏನ್ ನಿಲ್ತೈತಿ, ಏನ್ ಹೋಗ್ತೈತಿ, ನನಗ ಹೇಳಾಕ ಬರೂದಿಲ್ಲ. ಗೊತ್ತಿಲ್ಲದ್ದನ್ನ ಹುಡುಗೇರ ಕೈಯಾಗ ಹೆಂಗ ಕೊಡ್ಲಿ?"

"ವಾಯರಿನ ಮ್ಯಾಲ ಗೂಟ ಹೊಡಕೊಂಡು ಕುಂದ್ರು ನೀನು! ಹುಡುಗೇರು ನಾಟಿಗೆ ಹೋಗ್ಲಿ!"

ಅಂದು ನಾನು ಹಾಗೆ ಕೂಗಿದ್ದು ಗೋದಾಮಿನವರೆಗೂ ಕೇಳಿಸಿತ್ತು. ಎರಡು ದಿನ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಮಾತ್ರ ಜೋರಾಗಿತ್ತು.

ಅಮ್ಮನನ್ನು ಕರೆದುಕೊಂಡು ಅವಳು ಹುಣ್ಣಿಮೆಗೆ ಹುಲಿಗಿಯ ಗುಡಿಗೆ ಹೋದ ದಿನ, ನಾನು ಮೊಬೈಲ್ ಅಂಗಡಿಯ ಗೆಳೆಯನನ್ನು ಕರೆಸಿದೆ. ಅವನು ಒಂದೊಂದೇ ಲ್ಯಾಪ್‌ಟಾಪ್ ತೆರೆದು, ಪೆನ್‌ಡ್ರೈವ್ ಚುಚ್ಚಿ ಗಂಟು ತುಂಬಿದ. "ಭಾಯ್, ಚಾ ಕುಡಿಯೂದರಾಗ ಮುಗಿಯೂ ಕೆಲಸ ಇದು. ಇದಕ್ಕ ನಿಮ್ಮಕ್ಕ ಇಷ್ಟು ದಿವಸ ಉಪಾಸ ಮಾಡ್ಯಾಳಲ್ಲ!" ಎಂದು ನಕ್ಕ. ನಾನೂ ನಕ್ಕೆ. ವಾಯರನ್ನು ಮಾತ್ರ ತೆಗೆಯಲಿಲ್ಲ, ಹಾಗೆಯೇ ಚುಚ್ಚಿಟ್ಟೆ. ವಾಯರು ಇರುವವರೆಗೆ ಯಂತ್ರ ವಾಯರಿನಿಂದಲೇ ನಡೆಯುತ್ತದೆ, ಹರಿದರೆ ಗಾಳಿಯಿಂದ ಹಿಡಿಯುತ್ತದೆ ಎಂದು ಅವನು ತಿಳಿಸಿದ್ದ. ಅಕ್ಕನಿಗೆ ಗೊತ್ತಾಗುವುದಿಲ್ಲ, ಹುಡುಗಿಯರ ಕೆಲಸ ನಿಲ್ಲುವುದಿಲ್ಲ. ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ ಅನ್ನಿಸಿತು. ಅಪ್ಪನ ಬ್ಲೇಡು ಆ ಹೊತ್ತಿಗೆ ಅಂಗಡಿಯ ಮೇಜಿನ ಮೇಲೇ ಇತ್ತು...

ಕೆಲವು ವಾರ ಕಳೆದವು. ಒಂದು ದಿನ ಊಟಕ್ಕೆ ಕೂತಾಗ ಅಕ್ಕ ಅಂದಳು, "ಈ ಸಲ ವಾಯರ್ ಭಾಳ ಛಲೋ ತಡಕೊಂಡೈತಿ ನೋಡು. ಸುಮ್ಮಸುಮ್ಮನ ನಿನ್ನ ಕೂಡ ಜಗಳಾಡಿದೆ." ನಾನು ರೊಟ್ಟಿ ಮುರಿಯುತ್ತ, ಹೂಂ ಅಂದೆ.

ಆ ದಿನಗಳಲ್ಲಿ ಅವಳಿಗೆ ಒಂದು ದೊಡ್ಡ ಆಸೆ ಇತ್ತು. ಹುಡುಗಿಯರ ಹೈಸ್ಕೂಲಿನಲ್ಲಿ ಒಂದು ಕೋಣೆ ತುಂಬ ಕಂಪ್ಯೂಟರುಗಳು ಕೆಟ್ಟು ಬೀಗದೊಳಗೆ ಕೂತಿದ್ದವು. ಅವನ್ನು ಅಕ್ಕನಿಗೆ ಒಪ್ಪಿಸಿದರೆ ಅವಳು ಮುಕ್ತ ವ್ಯವಸ್ಥೆ ಹಾಕಿ, ಅಲ್ಲೇ ಎಲ್ಲ ಹುಡುಗಿಯರಿಗೂ ಕಲಿಸುವುದು ಎಂದು ಮಾತಾಗಿತ್ತು. ಒಪ್ಪಬೇಕಾದವರು ಹೆಡ್ ಮೇಡಂ. ಅವರು ಗೋದಾಮಿಗೆ ನೋಡಲು ಬರುತ್ತೇನೆಂದರು. ಕೆಲವು ಹುಡುಗಿಯರ ಅಪ್ಪಂದಿರೂ ಬಂದರು. ನಾನು ಕುರ್ಚಿ ಹಾಕಿ, ಚಹಾ ತರಿಸಿ, ಬಾಗಿಲ ಬಳಿ ನಿಂತೆ.

ಅಕ್ಕ ಅಂದು ಬಹಳ ಚೆನ್ನಾಗಿ ಮಾತಾಡಿದಳು. ಅಪ್ಪನ ಬ್ಲೇಡಿನ ಕಥೆಯನ್ನೂ ಹೇಳಿದಳು. ಆಮೇಲೆ ವಾಯರು ತೋರಿಸಿ, "ಇದು ಇಲ್ಲದ ಈ ಮಷೀನು ಹೊರಗಿನದು ಏನೂ ಹಿಡಿಯೂದಿಲ್ರಿ. ವೈಫೈಗೆ ಬೇಕಾದ್ದು ಮುಚ್ಚಿದ ಗಂಟು ಐತಿ, ಅದಕ್ಕ ನಾವು ಹಾಕಿಲ್ಲ. ತ್ರಾಸ ಆಗ್ತೈತಿ, ಆದ್ರ ಇದರಾಗ ಮುಚ್ಚಿಟ್ಟಿದ್ದು ಏನೂ ಇಲ್ಲ," ಎಂದಳು.

ಮೇಡಂ ಪರದೆ ಹತ್ತಿರದಿಂದ ನೋಡಲು ಎದ್ದರು. ಅವರಿಗೆ ದಾರಿ ಬಿಡಲು ಒಬ್ಬ ಹುಡುಗಿ ಹಿಂದೆ ಸರಿದಳು. ಅವಳ ಕಾಲಿಗೆ ವಾಯರು ಸಿಕ್ಕು ಕಳಚಿಕೊಂಡು ನೆಲಕ್ಕೆ ಬಿತ್ತು. ಪರದೆಯ ಮೇಲಿನ ಪುಟ ಒಂದು ಕ್ಷಣ ತಡೆದು, ಮತ್ತೆ ತೆರೆದುಕೊಳ್ಳತೊಡಗಿತು. ಒಂದು ಚಿತ್ರ, ಇನ್ನೊಂದು ಚಿತ್ರ...

"ಅಲ್ಲ, ವಾಯರ್ ಇಲ್ಲದನೂ ನಡಿಯಾಕತ್ತೈತಲ್ಲವಾ!" ಎಂದು ಮೇಡಂ ನಕ್ಕರು. ಒಬ್ಬ ಅಪ್ಪ ಚಪ್ಪಾಳೆ ತಟ್ಟಿದ. "ಮತ್ತ ಇಷ್ಟು ದಿವಸ ಆ ಹಗ್ಗ ಯಾಕ ಕಟ್ಟಿದ್ದಿ?" ಎಂದ.

ಅಕ್ಕ ನೆಲದ ಮೇಲಿನ ವಾಯರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳಿಗೆ ಎಲ್ಲವೂ ತಿಳಿಯಿತು. ಅವಳು ಸುಮ್ಮನಿದ್ದಿದ್ದರೆ ಸಾಕಿತ್ತು. ಮೇಡಂ ಖುಷಿಯಾಗಿದ್ದರು, ಕೋಣೆಯ ಬೀಗದ ಕೈ ಅಂದೇ ಸಿಗುತ್ತಿತ್ತು. ಆದರೆ ಅವಳು ಮೇಡಂ ಕಡೆ ತಿರುಗಿ ಹೇಳಿದಳು, "ಮೇಡಂ, ನಾನು ಈಗ ಹೇಳಿದ್ದು ಸುಳ್ಳಾತ್ರಿ. ಇದರಾಗ ಮುಚ್ಚಿದ ಗಂಟು ಐತಿ. ಒಳಗ ಏನೈತಿ ನನಗ ಗೊತ್ತಿಲ್ಲ."

ಎಲ್ಲರ ನಗು ನಿಂತಿತು. "ಯಾರು ಹಾಕ್ಯಾರ?" ಎಂದು ಮೇಡಂ ಕೇಳಿದರು. ಅಕ್ಕ ಹೇಳಲಿಲ್ಲ. ನಾನು ಹಾಕಿಸಿದ್ದು ಎಂದು ಹೇಳಲು ನನಗೆ ಒಂದೇ ಹೆಜ್ಜೆ ಮುಂದೆ ಬರಬೇಕಿತ್ತು. ನಾನು ಬಗ್ಗಿ ವಾಯರು ಎತ್ತಿ, ಧೂಳು ಒರೆಸುತ್ತ ನಿಂತೆ. ಮೇಡಂ, ವಿಚಾರ ಮಾಡಿ ಹೇಳುತ್ತೇನೆ ಎಂದು ಹೊರಟರು. ಚಹಾ ಹಾಗೆಯೇ ಆರಿತು.

ಊರಲ್ಲಿ ಸುದ್ದಿ ಬೇರೆಯೇ ಆಯಿತು. ಚಹಾದ ಅಂಗಡಿಯಲ್ಲಿ ಒಬ್ಬ ನನ್ನನ್ನು ಹಿಡಿದು ಕೇಳಿದ, "ಏನಪಾ, ನಿಮ್ಮಕ್ಕನ ಕಂಪ್ಯೂಟರಿನಾಗ ಕಳ್ಳ ಹೊಕ್ಕಾನಂತ? ಹುಡುಗೇರ ಫೋಟೊ ಎಲ್ಲಾ ಕಂಪನಿಗೆ ಹೋಗ್ತಾವಂತ, ಹೌದೇನು?" ಅಲ್ಲಿ ಕೂತಿದ್ದ ಗೌಂಡಿಯೂ ತಲೆ ಎತ್ತಿ ನನ್ನನ್ನೇ ನೋಡಿದ. ಹಾಗೇನೂ ಇಲ್ಲ, ಅದು ವೈಫೈಯ ಫರ್ಮ್‌ವೇರ್, ಊರಿನ ಅರ್ಧ ಲ್ಯಾಪ್‌ಟಾಪ್‌ಗಳಲ್ಲಿ ಅದೇ ಇದೆ, ಹಾಕಿಸಿದವನು ನಾನು. ಇಷ್ಟು ಹೇಳಬೇಕಿತ್ತು. ನಾನು ಹೇಳಿದ್ದು ಇದು: "ಆಕಿಗೂ ಅಷ್ಟು ಗೊತ್ತಾಗೂದಿಲ್ರಿ. ಏನೋ ಹಾಕಾಕ ಹೋಗಿ ಏನೋ ಆಗೈತಿ."

ನಾನು ಬರೆಯಲು ಕೂತದ್ದು ಈ ಮಾತಿಗಾಗಿ. ಗಂಟು ಹಾಕಿಸಿದ್ದಕ್ಕೆ ನನಗೆ ಅಷ್ಟು ನೋವಿಲ್ಲ. ಈ ಮಾತು ಆಡಿದ ಮೇಲೆ ನಾನು ಚಹಾ ಕುಡಿದೆ, ಆ ಚಹಾ ಗಂಟಲಲ್ಲಿ ಇಳಿಯಿತು ಕೂಡ.

ಹುಡುಗಿಯರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಹೈಸ್ಕೂಲಿನ ಕೋಣೆಯ ಬೀಗ ತೆಗೆಯಲಿಲ್ಲ. ಅಕ್ಕ ಎಲ್ಲ ಲ್ಯಾಪ್‌ಟಾಪ್‌ಗಳನ್ನು ಅಳಿಸಿ, ಮತ್ತೆ ಮೊದಲಿನ ಹಾಗೆ ವ್ಯವಸ್ಥೆ ಹಾಕಿ, ಅದು ಗಂಟು ಕೊಡುತ್ತೀಯಾ ಎಂದು ಕೇಳಿದಾಗ 'ಇಲ್ಲ' ಒತ್ತಿದಳು. ಆಮೇಲೆ ಕೊನೆಯವರೆಗೂ ಬರುತ್ತಿದ್ದ ಹುಡುಗಿಯರಿಗೆ ಅವನ್ನು ಹಂಚಿಬಿಟ್ಟಳು. ವಾಯರು ಬಿಚ್ಚಿ, ಸುರುಳಿ ಸುತ್ತಿ, ನನ್ನ ಮೇಜಿನ ಮೇಲಿಟ್ಟು ಕೊಪ್ಪಳಕ್ಕೆ ಹೋದಳು. ಅಲ್ಲಿ ಒಂದು ಝೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಿದ್ದಳು. ಫೋನಿನಲ್ಲಿ ಅಮ್ಮನ ಮಂಡಿನೋವು, ಮಗಳ ಓದು, ಎಲ್ಲ ಕೇಳುತ್ತಿದ್ದಳು. ಗೋದಾಮಿನ ಮಾತು ಎತ್ತುತ್ತಿರಲಿಲ್ಲ.

ಒಮ್ಮೆ ಮಾತ್ರ ಎತ್ತಿದಳು. ಉಗಾದಿಗೆ ಬಂದಿದ್ದಳು. ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತಿದ್ದಾಗ ನಾನು ಒಬ್ಬ ರೈತನ ಕೈಗೆ ಬ್ಲೇಡು ಕೊಟ್ಟೆ. ಅವನು ತಂತಿ ಕೆರೆದು, ಮುಚ್ರಿ ಎಂದು ಹೋದ ಮೇಲೆ ಅವಳು ಮೆಲ್ಲಗೆ ಅಂದಳು:

"ಆ ಹುಡುಗಿ ಅರ್ಜಿ ತಪ್ಪಿದ ಮ್ಯಾಲ ನಾನೂ ಸೋತಿದ್ದೆ ತಮ್ಮಾ. ಹುಲಿಗಿಗೆ ಹೋಗುವಾಗ ಬಸ್ಸಿನಾಗ ಅದನ್ನ ವಿಚಾರ ಮಾಡ್ತಿದ್ದೆ. ಹುಡುಗೇರನ್ನ ಮುಂದ ಕುಂದ್ರಿಸಿಕೊಂಡು, ಇದು ನೋಡ್ರಿ, ಇದರೊಳಗ ಏನೈತಿ ನಮಗ ತೋರಿಸಿಲ್ಲ, ಆದ್ರೂ ಬ್ಯಾರೆ ದಾರಿ ಇಲ್ಲಂತ ಹಾಕಾಕತ್ತೀವಿ, ಇದನ್ನ ನೆನಪಿಟ್ಕೊರಿ ಅಂತ ಹೇಳಿ ಹಾಕಬೇಕು ಅಂತ. ನೀ ಇನ್ನೊಂದು ಸಲ ಕೇಳಿದ್ದಿದ್ರ ನಾನ ಹಾಕ್ತಿದ್ದೆ."

ನಾನು ಪಾನಾ ಒರೆಸುತ್ತಿದ್ದೆ. ಚಹಾದ ಅಂಗಡಿಯಲ್ಲಿ ನಾನು ಆಡಿದ ಮಾತನ್ನು ಅವಳಿಗೆ ಆಗಲೇ ಹೇಳಬೇಕಿತ್ತು. ಬಾಯಿಗೂ ಬಂದಿತ್ತು. ಅಷ್ಟರಲ್ಲಿ ಅಮ್ಮ ಊಟಕ್ಕೆ ಕರೆದಳು, ಅಕ್ಕ ಎದ್ದಳು. ಮುಂದಿನ ಸಲ ಹೇಳಿದರಾಯಿತು ಅಂದುಕೊಂಡೆ. ಆ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಮಾಮೂಲಿ ಜ್ವರ ಎಂದರು... ನಾನು ಕೊಪ್ಪಳ ಮುಟ್ಟುವ ಹೊತ್ತಿಗೆ ಅವಳಿಗೆ ಮಾತಿರಲಿಲ್ಲ, ಮರುದಿನ ತೀರಿಕೊಂಡಳು.

ಈಗ ಆ ವ್ಯವಸ್ಥೆ ಮಾಡುವವರೇ ತಮ್ಮೊಳಗೆ ಬಹಳ ವಾದ ಮಾಡಿ, ಮತ ಹಾಕಿ, ಗಂಟನ್ನು ಜೊತೆಗೇ ಕೊಡುವುದೆಂದು ಒಪ್ಪಿಕೊಂಡಿದ್ದಾರಂತೆ. ಮಗಳು ಓದಿ ಹೇಳಿದಳು. ಎಲ್ಲರೂ ಒಪ್ಪಿಲ್ಲವಂತೆ, ಇನ್ನೂ ಹಾಕದವರೂ ಇದ್ದಾರಂತೆ. ನನ್ನನ್ನು ಕೇಳಿದರೆ ಹಾಕಬೇಕು ಎಂದೇ ಈಗಲೂ ಹೇಳುತ್ತೇನೆ. ಗೌಂಡಿಯ ಮಗಳ ಕೆಸರುಗಾಲು ನೋಡಿದವನು ಬೇರೆ ಹೇಳಲಾರ. ಆದರೂ ಮಗಳ ಪರದೆಯ ಮೇಲೆ ಅದು ಕೇಳದೆಯೇ ಮುಂದೆ ಹೋಯಿತಲ್ಲ, ಅದನ್ನು ಕಂಡು ಮೈ ಉರಿಯಿತು. ಒಂದು ಸಲ ನಿಂತು ಹೇಳಿದ್ದರೆ ಏನಾಗುತ್ತಿತ್ತು? ಇನ್ನೂ ಉರಿಯುವುದು ಚಿಪ್ಪು ಮಾಡಿದವರ ಮೇಲೆ. ಪುಕ್ಕಟೆ ಕೊಡುವ ಕಡತವನ್ನು ತೆರೆದು ತೋರಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಸಿದ್ದಾಪುರದ ಒಂದು ಗೋದಾಮಿನಲ್ಲಿ ಅಕ್ಕತಮ್ಮಂದಿರು ಅದಕ್ಕಾಗಿ ಬಡಿದಾಡಿದ್ದು ಅವರಿಗೆ ಎಂದೂ ಗೊತ್ತಾಗುವುದಿಲ್ಲ. ಮುಚ್ಚಿದವರು ಅಲ್ಲೆಲ್ಲೋ ಆರಾಮಾಗಿದ್ದಾರೆ. ಸುಳ್ಳು ಹೇಳುವ ಕೆಲಸ ನನ್ನ ಪಾಲಿಗೆ ಬಂತು, ನಾನು ಅದನ್ನು ಬಹಳ ಚೆನ್ನಾಗಿ ಮಾಡಿದೆ.

ಅವತ್ತು ವಾಯರು ಹಿಡಿದುಕೊಂಡೇ ಒಳಗೆ ಬಂದು ಮಗಳಿಗೆ ಎಲ್ಲವನ್ನೂ ಹೇಳಿದೆ. ಚಹಾದ ಅಂಗಡಿಯ ಮಾತನ್ನೂ ಬಿಡಲಿಲ್ಲ. "ಅತ್ತೆಗೆ ನೀ ಇದನ್ನ ಹೇಳಲೇ ಇಲ್ಲೇನಪ್ಪಾ?" ಎಂದು ಒಂದೇ ಸಲ ಕೇಳಿದಳು.

ಸಂಜೆ ಒಬ್ಬ ಹುಡುಗ ವಯಸ್ಸಿನ ರೈತ ಮೋಟಾರು ಒಯ್ಯಲು ಬಂದ. ನಾನು ಎಂದಿನಂತೆ ಬ್ಲೇಡು ಚಾಚಿದೆ. ಅವನು ಮೊಬೈಲಿನಿಂದ ತಲೆ ಎತ್ತದೆ, "ಅದೇನ್ ನೋಡೂದೈತ್ರಿ, ಮುಚ್ರಿ. ಗಾಡಿ ನಿಂತೈತಿ," ಎಂದ. ಈಚೆಗೆ ಬರುವವರೆಲ್ಲ ಹೀಗೆಯೇ ಅನ್ನುತ್ತಾರೆ. ನಾನು ತುದಿಯನ್ನು ನಾನೇ ಕೆರೆದೆ. ಕೆಂಪು ಕಂಡಿತು. ಮುಚ್ಚಳ ಎತ್ತಿಕೊಂಡವನು, ರೂಢಿಯಂತೆ, ಪಾನಾ ಹಿಡಿದು ಚೂರು ಕಾದೆ. ಬಗ್ಗಿ ನೋಡಲು ಯಾರೂ ಬರಲಿಲ್ಲ. ಬೋಲ್ಟು ಬಿಗಿದೆ.